ಕಂದು ಕಾಳು ಆರಿಸಿದ ಕೈ

ಪೋಲೆಂಡ್ ದೇಶದ ಕ್ರಾಕೋವ್ ನಗರದಲ್ಲಿ ಇಳಿದ ಮೊದಲ ದಿನವೇ ನಾನು ತೀರಿಹೋದ ಹೆಂಗಸೊಬ್ಬರ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೆ ಹೋದೆ. ಬಾಗಿಲು ತೆರೆದ ಮನೆಯೊಡತಿ ನನ್ನ ಬೂಟಿನ ಕಡೆ ಬೆರಳು ತೋರಿಸಿದಾಗ, ಸದ್ಯ, ಇಲ್ಲಿಯೂ ಹೊರಗೇ ಬಿಡುತ್ತಾರಲ್ಲ ಎಂದು ಸಮಾಧಾನಪಟ್ಟುಕೊಂಡು ಬಿಚ್ಚಿದ್ದೆ. ಬರಿಗಾಲನ್ನು ಒಳಗಿಡುವಷ್ಟರಲ್ಲಿ ಆಕೆ ಗಾಬರಿಯಿಂದ ಅಡ್ಡ ಬಂದು, ಉಣ್ಣೆಯ ಒಂದು ಜೊತೆ ಮೆಟ್ಟು ತಂದು ಮುಂದಿಟ್ಟರು. ಅದರ ಹೆಸರು ಕಾಪ್ಚೆ, ಮನೆಯೊಳಗೆ ಮಾತ್ರ ಹಾಕಿಕೊಳ್ಳುವ ಚಪ್ಪಲಿ. 'ನಮ್ಮಕ್ಕನದು. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಿನ್ನ ಕಾಲಿಗೆ ಸರಿಹೋಗುತ್ತದೆ' ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಮನೆಯಲ್ಲಿ ಚಪ್ಪಲಿ ಹೊರಗಿನ ಮೆಟ್ಟಿಲು ದಾಟುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ದೊಡ್ಡಮ್ಮ ಕೂತು ಲಿಂಗಪೂಜೆ ಮಾಡುತ್ತಾರೆ. ಅಂಥ ಮನೆಯಲ್ಲಿ ಬೆಳೆದವಳು ಒಲೆಯ ಮುಂದೆ ಸತ್ತವರ ಚಪ್ಪಲಿಯಲ್ಲಿ ನಿಂತು ಚಹಾ ಕುಡಿದೆ. ಕಾಲು ಬೆಚ್ಚಗಿತ್ತು, ಅದನ್ನೂ ಹೇಳಬೇಕು.

ನಾನು ಉಮಾ. ನೊಣವಿನಕೆರೆಗೆ ಹೊಂದಿಕೊಂಡ ಹಳ್ಳಿಯವಳು. ತೆಂಗು, ಕೊಬ್ಬರಿ ನಮ್ಮ ಮನೆತನದ ಬದುಕು. ತಿಪಟೂರಿನಲ್ಲಿ ಓದಿ, ಮೈಸೂರಿನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಮುಗಿಸಿ, ಎರಡು ವರ್ಷದ ಸಂಶೋಧನೆಯ ಕೆಲಸ ಸಿಕ್ಕಿ ಇಲ್ಲಿಗೆ ಬಂದೆ. ಬಂದಾಗಿನಿಂದ ಊರ ಕಡೆಯ ಹಲವರು 'ಅಲ್ಲಿಯ ಅನುಭವ ಬರಿಯಮ್ಮ, ನಾವೂ ಓದ್ತೀವಿ' ಅನ್ನುತ್ತಲೇ ಇದ್ದರು. ನೆವ ಹೇಳಿಕೊಂಡು ಮುಂದೂಡುತ್ತ ಬಂದೆ. ಬರೆದರೆ ಹಿಮ, ಕೋಟೆ, ಟ್ರಾಮು ಎಂದು ಬರೆದು ಕೈತೊಳೆದುಕೊಳ್ಳಲಾಗುವುದಿಲ್ಲ, ಇನ್ನೊಂದನ್ನೂ ಬರೆಯಬೇಕಾಗುತ್ತದೆ ಎಂದು ಗೊತ್ತಿತ್ತು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಅದರ ಹೊರೆಯನ್ನು ಮೊದಲು ಒಬ್ಬ ಸಜ್ಜನನ ಮೇಲೆ ಬೀಳಲು ಬಿಟ್ಟೆ, ಆಮೇಲೆ ನಿಮ್ಮ ಮೇಲೆ ಹಾಕಿದೆ. ನಿಮ್ಮ ಮೇಲೆ ಅಂದರೆ, ಕೊಬ್ಬರಿ ಆರಿಸಿ ಮಾರಿ ಬದುಕುವ ನಮ್ಮ ಕಡೆಯವರೆಲ್ಲರ ಮೇಲೆ. ನಿಮಗೆ ಅದು ಗೊತ್ತೇ ಇಲ್ಲ. ಗೊತ್ತಾಗಲಿ ಎಂದೇ ಇದನ್ನು ಬರೆಯಲು ಕೂತಿದ್ದೇನೆ.

ಮೊದಲು ಊರಿನ ವಿಚಾರ. ಮನೆಯೊಡತಿಯನ್ನು ಪಾನಿ ಹಲೀನಾ ಅನ್ನಬೇಕು. 'ಪಾನಿ' ಎಂದರೆ ಹೆಂಗಸರ ಹೆಸರಿಗೆ ಮೊದಲು ಗೌರವಕ್ಕೆ ಸೇರಿಸುವ ಮಾತು, ನಾವು ಅಮ್ಮಾವ್ರು ಅಂದಹಾಗೆ. ಅವರ ಮೂರನೇ ಮಹಡಿಯ ಮನೆಯಲ್ಲಿ ನನಗೊಂದು ಕೋಣೆ. ಕಿಟಕಿಗೆ ಎರಡೆರಡು ಗಾಜು, ಹೊರಗೆ ಎಲೆಯುದುರಿದ ಮರ. ಎಲೆಯುದುರಿದ ಮರವನ್ನು ನಾನು ಮೊದಲು ಒಣಗಿದ ಮರವೆಂದೇ ತಿಳಿದಿದ್ದೆ. ನಮ್ಮಲ್ಲಿ ತೆಂಗು ಬೋಳಾದರೆ ಅದರ ಕಥೆ ಮುಗಿಯಿತೆಂದು ಅರ್ಥ. ಬೀದಿಯುದ್ದಕ್ಕೂ ಸತ್ತ ಮರಗಳನ್ನು ಕಡಿಯದೆ ಯಾಕೆ ನಿಲ್ಲಿಸಿದ್ದಾರೆ ಎಂದು ಪಾನಿ ಹಲೀನಾರನ್ನು ಕೇಳಿಯೂ ಬಿಟ್ಟೆ. ಅವರು ಆ ಮಾತನ್ನು ಮಹಡಿಯ ಎಲ್ಲ ಮನೆಗಳಿಗೂ ಹೇಳಿ ನಗಿಸಿದರು.

ನಮ್ಮೂರಲ್ಲಿ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಹತ್ತು ಜನ 'ಎಲ್ಲಿಗೆ?' ಅನ್ನುತ್ತಾರೆ. ಆಗೆಲ್ಲ ಸಿಟ್ಟು ಬರುತ್ತಿತ್ತು. ಇಲ್ಲಿ ಟ್ರಾಮಿನಲ್ಲಿ ದಿನಾ ಅದೇ ಮುಖಗಳು ಎದುರು ಕೂತರೂ ಯಾರೂ ಏನೂ ಕೇಳುವುದಿಲ್ಲ. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಾನು ಬಾಯಿಯನ್ನು ತಿನ್ನುವುದಕ್ಕಲ್ಲದೆ ಬೇರೆ ಯಾತಕ್ಕೂ ತೆರೆದಿರಲಿಲ್ಲ. ಅವತ್ತು ಅಂಗಡಿಯಲ್ಲಿ ತೆಂಗಿನ ತುರಿಯ ಒಂದು ಪುಟ್ಟ ಪೊಟ್ಟಣ ಸಿಕ್ಕಿತು. ಕೇಕಿನ ಮೇಲೆ ಉದುರಿಸುವುದಕ್ಕಂತೆ. ಗೋಡೌನುಗಟ್ಟಲೆ ಕೊಬ್ಬರಿ ನೋಡಿ ಬೆಳೆದವಳು ಆ ಒಣ ತುರಿಯನ್ನು ಅಂಗೈಗೆ ಸುರಿದುಕೊಂಡು ಮೂಸಿದೆ. ಏನೂ ವಾಸನೆಯಿರಲಿಲ್ಲ. ಸುಮ್ಮನೆ ಅಳು ಬಂತು.

ಒಳ್ಳೆಯದೂ ಇತ್ತು. ಮಾಶ್ಲಾಂಕಾ ಎಂಬುದೊಂದು ಸಿಗುತ್ತದೆ, ನಮ್ಮ ಮಜ್ಜಿಗೆಯೇ, ಕೊಂಚ ದಪ್ಪ. ಅದಕ್ಕೆ ಉಪ್ಪು, ಇಂಗು ಹಾಕಿ ಪಾನಿ ಹಲೀನಾರಿಗೆ ಕೊಟ್ಟೆ, ಮುಖ ಹಿಂಡಿಕೊಂಡು ಪೂರ್ತಿ ಕುಡಿದರು. ಗ್ರೀಚಾನಾ ಎಂಬ ಒಂದು ಕಂದು ಕಾಳಿನ ಹಿಟ್ಟಿನಲ್ಲಿ ಮುದ್ದೆ ತಿರುವಿದೆ. ಮುದ್ದೆಯಾಯಿತು, ಆದರೆ ನುಂಗಲು ಹೋದರೆ ಗಂಟಲಿಗೇ ಅಂಟಿಕೊಂಡಿತು. ಆರನೇ ತಿಂಗಳಲ್ಲಿ ಅಂಚೆ ಕಚೇರಿಗೆ ಒಬ್ಬಳೇ ಹೋಗಿ ಪೋಲಿಷ್ ಭಾಷೆಯಲ್ಲೇ ಮಾತಾಡಿ ಪಾರ್ಸೆಲ್ ಬಿಡಿಸಿಕೊಂಡು ಬಂದೆ. ಆ ದಿನ ನಾನು ಟ್ರಾಮು ಹತ್ತದೆ ನಡೆದೇ ಮನೆಗೆ ಬಂದೆ, ಅಷ್ಟು ಖುಷಿಯಾಗಿತ್ತು.

ಆ ನಾಲ್ಕು ಮಾತು ಕಲಿಸಿದವನು ಮಾರೆಕ್. ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಕೋಣೆಯವನು, ಡಾಕ್ಟರೇಟ್ ಮುಗಿಸುವ ಹಂತದಲ್ಲಿದ್ದ ಹುಡುಗ. ಮಾತು ಕಡಿಮೆ, ಕೈ ತುಂಬ ಅಚ್ಚುಕಟ್ಟು. ಅವರಪ್ಪನದು ಸೇಬಿನ ತೋಟ. ನಾನೂ ತೋಟದವರ ಮನೆಯವಳೆಂದು ತಿಳಿದ ಮೇಲೆ ಸೋಮವಾರಕ್ಕೊಮ್ಮೆ ನನ್ನ ಮೇಜಿನ ಮೇಲೆ ಒಂದು ಸೇಬು ಇಟ್ಟು, ಅದರ ಹೆಸರು, ಬೆಳಗಿನ ನಮಸ್ಕಾರ, ಅಂಗಡಿಯಲ್ಲಿ ಕೇಳಬೇಕಾದ ಮಾತು ಎಲ್ಲ ಹೇಳಿಕೊಡುತ್ತಿದ್ದ.

ಇನ್ನು ನಮ್ಮ ಕೆಲಸ. ಜಿಯೋಲೈಟ್ ಅನ್ನುವುದು ಒಂದು ಬಗೆಯ ಕಲ್ಲು. ನಾವು ತಯಾರಿಸುವಾಗ ಅದು ಬರೀ ಬಿಳಿ ಪುಡಿ, ನೋಡಲು ರಂಗೋಲಿ ಪುಡಿಯ ಹಾಗೆ. ಅದರೊಳಗೆಲ್ಲ ಕಣ್ಣಿಗೆ ಕಾಣದ ಕೋಣೆಗಳು, ಓಣಿಗಳು. ಆ ಕೋಣೆಗಳಲ್ಲಿ ಕಬ್ಬಿಣದ ಪರಮಾಣುಗಳನ್ನು ಒಂದೊಂದಾಗಿ ಕೂರಿಸುತ್ತೇವೆ. ಒಂಟಿಯಾಗಿ ಕೂತ ಕಬ್ಬಿಣ ಹದವರಿತು ಕೆಲಸ ಮಾಡುತ್ತದೆ. ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ಅನಿಲವನ್ನು ಸ್ವಲ್ಪವೇ ಬದಲಾಯಿಸಿ, ಬಾಟಲಿಯಲ್ಲಿ ತುಂಬಿಡಬಹುದಾದ ಮೆಥನಾಲ್ ಮಾಡಿಕೊಡುತ್ತದೆ. ಅದೇ ಕಬ್ಬಿಣ ಗುಂಪುಗೂಡಿ ತುಕ್ಕಿನ ಮುದ್ದೆಯಾದರೆ ಅನಿಲವನ್ನು ಪೂರ್ತಿ ಸುಟ್ಟು ಹೊಗೆ ಮಾಡಿಬಿಡುತ್ತದೆ. ಆದ್ದರಿಂದ ಒಳಗಿನ ಕಬ್ಬಿಣ ಒಂಟಿಯಾಗಿದೆಯೋ ಗುಂಪಾಗಿದೆಯೋ ಎಂದು ತಿಳಿಯುವುದೇ ನಮ್ಮ ಮುಖ್ಯ ಕೆಲಸ.

ತಿಳಿಯುವುದು ಬೆಳಕಿನಿಂದ. ಪುಡಿಯ ಮೇಲೆ ಬಗೆಬಗೆಯ ಬೆಳಕು ಬಿಟ್ಟು, ಯಾವುದನ್ನು ನುಂಗಿತು, ಯಾವುದನ್ನು ವಾಪಸು ಕೊಟ್ಟಿತು ಎಂದು ನೋಡುತ್ತೇವೆ. ಒಂಟಿ ಕಬ್ಬಿಣ ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಮಾತ್ರ ನುಂಗುತ್ತದೆ. ಗುಂಪಾದದ್ದು ಕಣ್ಣಿಗೆ ಕಾಣುವ ನೀಲಿ, ಹಸಿರನ್ನೂ ನುಂಗಿ ತಾನು ಕಂದಾಗುತ್ತದೆ. ಯಂತ್ರ ಇದನ್ನೆಲ್ಲ ಪರದೆಯ ಮೇಲೆ ಒಂದು ಗೆರೆಯಾಗಿ ಬರೆದು ತೋರಿಸುತ್ತದೆ, ಅದರ ಹೆಸರು ರೋಹಿತ. ಅಟ್ಟದ ಮೇಲೆ ವರ್ಷವೆಲ್ಲ ಒಣಗಿದ ಕಾಯನ್ನು ದೊಡ್ಡಮ್ಮ ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಒಡೆಯದೆಯೇ ಹೇಳುತ್ತಾರಲ್ಲ, ಇದೂ ಹೆಚ್ಚುಕಡಿಮೆ ಅದೇ ವಿದ್ಯೆ.

ಈ ದೊಡ್ಡಮ್ಮನ ವಿಚಾರ ಹೇಳಬೇಕು. ಹೆಸರು ನೀಲಮ್ಮ, ನಮ್ಮಪ್ಪನ ಅತ್ತಿಗೆ. ನನಗೆ ಆರಿಸುವುದನ್ನು ಕಲಿಸಿದವರು ಅವರೇ. ಕಾಯಿ ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ರಾಶಿ ಹಾಕಿದ ಮೇಲೆ ಹೆಂಗಸರು ಸುತ್ತ ಕೂತು ಆರಿಸುತ್ತಾರೆ. ಕಪ್ಪು ಚುಕ್ಕೆ ಬಿದ್ದದ್ದು, ಮುಕ್ಕಾದದ್ದು, ವಾಸನೆ ತಿರುಗಿ ಕೌಟಾದದ್ದು ಎಲ್ಲ ಬೇರೆಯಾಗಬೇಕು. ಆರು ವರ್ಷದ ಹುಡುಗಿಯಾಗಿದ್ದಾಗಲೇ ನನ್ನ ಕಣ್ಣು ಅದಕ್ಕೆ ಪಳಗಿತ್ತು. ರಾಶಿಯ ಮುಂದೆ ಕೂತರೆ ತಲೆ ಕೆಲಸ ಮಾಡುವುದಿಲ್ಲ, ಕೈ ತಾನಾಗಿ ಹೋಗಿ ಕೆಟ್ಟದ್ದನ್ನು ಎತ್ತುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ್ದನ್ನು ಯಾರಾದರೂ ಪುಸ್ತಕದಲ್ಲಿ ಬರೆದಿಡುತ್ತಾರೆಯೇ? ಹಾಗೆಯೇ ಅದೂ ನನಗೆ ಲೆಕ್ಕಕ್ಕೇ ಬಾರದ ಕೆಲಸ.

ಪ್ರಯೋಗಾಲಯದಲ್ಲಿ ಕಬ್ಬಿಣ ಸೇರಿಸಿದ ಜಿಯೋಲೈಟನ್ನು ಬಿಲ್ಲೆ ಒತ್ತಿ, ಪುಡಿ ಮಾಡಿ, ಜರಡಿ ಹಿಡಿದು, ರವೆಯಂಥ ಕಾಳು ಮಾಡುತ್ತಿದ್ದೆವು. ಒಂದೇ ಬಾಟಲಿ. ಅದರಿಂದ ಒಂದು ಪಾಲು ನನ್ನ ಬೆಳಕಿನ ಯಂತ್ರಕ್ಕೆ, ಇನ್ನೊಂದು ಪಾಲು ಮಾರೆಕ್‌ನ ಕೊಳವೆಗೆ. ಅವನು ಆ ಕೊಳವೆಯಲ್ಲಿ ಅನಿಲ ಹಾಯಿಸಿ ಏನೇನು ಹೊರಬರುತ್ತದೆ ಎಂದು ಅಳೆಯುತ್ತಿದ್ದ. ಮೊದಲ ಸಲ ನನ್ನ ಪಾಲನ್ನು ಬಿಳಿ ಕಾಗದದ ಮೇಲೆ ಹರಡಿದಾಗ ಅಲ್ಲಲ್ಲಿ ಕೆಲವು ಕಾಳು ಕಂದಾಗಿದ್ದವು. ಚಿಮಟ ತೆಗೆದುಕೊಂಡು ಒಂದೊಂದಾಗಿ ಎತ್ತಿ ಕಸದ ಬಾಟಲಿಗೆ ಹಾಕಿದೆ. ಉಳಿದದ್ದನ್ನು ಅರೆದು ಯಂತ್ರದಲ್ಲಿಟ್ಟೆ. ನೋಟ್‌ಬುಕ್ಕಿನಲ್ಲಿ ತೂಕ ಬರೆದೆ, ತಾರೀಕು ಬರೆದೆ, ಕೋಣೆಯ ಉಷ್ಣತೆ ಕೂಡ ಬರೆದೆ. ಆರಿಸಿದ್ದನ್ನು ಬರೆಯಲಿಲ್ಲ.

ಬಂದ ರೋಹಿತ ಎಷ್ಟು ಚೊಕ್ಕಟವಾಗಿತ್ತೆಂದರೆ ನಮ್ಮ ಪ್ರೊಫೆಸರ್ ಎವಾ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಗುಂಪುಗೂಡಿದ ಕಬ್ಬಿಣದ ಸುಳಿವೇ ಇಲ್ಲ, ಎಲ್ಲ ಒಂಟಿ. 'ಉಮಾ, ನಿನ್ನ ಕೈ ಬಂಗಾರ' ಅಂದರು. ಊರಿಗೆ ಫೋನ್ ಮಾಡಿ ಹೇಳಿದೆ. ದೊಡ್ಡಮ್ಮ ಅದನ್ನು ಬೀದಿಗೆಲ್ಲ ಸಾರಿದರು. ನೊಣವಿನಕೆರೆಯ ಅಂಗಡಿಯೊಂದರಲ್ಲಿ ನನ್ನ ಫೋಟೋ ಅಂಟಿಸಿದ್ದಾರೆಂದು ತಿಳಿದು ಮೇಲೆ ಮೇಲೆ ನಾಚಿಕೊಂಡೆ, ಒಳಗೆ ಉಬ್ಬಿದೆ.

ಮಾರೆಕ್‌ನ ಕೊಳವೆ ಬೇರೆಯದೇ ಹೇಳುತ್ತಿತ್ತು. ಅನಿಲ ಅರ್ಧದಲ್ಲಿ ನಿಲ್ಲದೆ ಪೂರ್ತಿ ಸುಟ್ಟುಹೋಗುತ್ತಿತ್ತು. ನನ್ನ ರೋಹಿತದ ಪ್ರಕಾರ ಹಾಗೆ ಸುಡುವಂಥದ್ದು ಅದರೊಳಗೆ ಏನೂ ಇಲ್ಲ. ಅಂದಮೇಲೆ ತಪ್ಪು ಅವನ ಯಂತ್ರದ್ದೇ ಇರಬೇಕು ಎಂದು ಎಲ್ಲರೂ ತಿಳಿದರು, ಮೊದಲು ಅವನೇ ತಿಳಿದ. ಕೊಳವೆ ತೊಳೆದ. ಕೊಳವೆ ಬದಲಾಯಿಸಿದ. ಒಂದೊಂದೇ ತಿರುಪು ಬಿಚ್ಚಿ, ಒಳಗೆಲ್ಲಾದರೂ ತುಕ್ಕು ಇದೆಯೋ ಎಂದು ದೀಪ ಹಿಡಿದು ಹುಡುಕಿದ. ತಿಂಗಳುಗಳು ಹೋದವು. ವಾರದ ಸಭೆಯಲ್ಲಿ ಪ್ರೊಫೆಸರ್ ಅವನ ಹೆಸರು ಹೇಳುವಾಗ ದನಿ ತಗ್ಗತೊಡಗಿತು. 'ಮಾರೆಕ್‌ನ ಅಂಕಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡೋಣ' ಎಂದರು ಒಂದು ದಿನ. ಅವನ ಪ್ರಬಂಧದಲ್ಲಿ ಆ ಕೆಲಸವೇ ದೊಡ್ಡ ಅಧ್ಯಾಯ. ಅದನ್ನು ಕೈಬಿಟ್ಟರೆ ಉಳಿಯುವುದು ಹೊಟ್ಟು.

ನನಗೆ ಗೊತ್ತಾದದ್ದು ಒಂದು ಮಂಗಳವಾರದ ಬೆಳಿಗ್ಗೆ. ಹೊಸ ಬಾಟಲಿಯ ಕಾಳು ಹರಡಿಕೊಂಡು ಎಂದಿನಂತೆ ಆರಿಸುತ್ತಿದ್ದೆ. ಮಾರೆಕ್ ಬಾಗಿಲಿಗೆ ಬಂದು ನಿಂತ. ಕೈ ನೆನೆದು ಬೆಳ್ಳಗಾಗಿತ್ತು. 'ಮೂರನೇ ಸಲ ತೊಳೆದೆ. ಮತ್ತೆ ಅದೇ. ನನ್ನ ಕೈಯಲ್ಲೇ ಏನೋ ಕೊಳೆ ಇರಬೇಕು' ಅಂದ. ನಗಲು ನೋಡಿದ. ಅವನು ಹೋದ ಮೇಲೆ ನಾನು ಕಾಗದದ ಕಡೆ ನೋಡಿದೆ. ಚಿಮಟದ ತುದಿಯಲ್ಲಿ ಒಂದು ಕಂದು ಕಾಳು ಇತ್ತು. ಅನಿಲವನ್ನು ಸುಡುತ್ತಿದ್ದದ್ದು ಅದೇ. ಅವನ ಕೊಳವೆಗೆ ಅದು ಹೋಗುತ್ತಿತ್ತು, ನನ್ನ ಯಂತ್ರಕ್ಕೆ ಹೋಗುತ್ತಿರಲಿಲ್ಲ, ಅಷ್ಟೇ. ಎದ್ದು ಪಕ್ಕದ ಕೋಣೆಗೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹತ್ತು ಹೆಜ್ಜೆಯೂ ಇಲ್ಲ.

ಹೋಗಲಿಲ್ಲ. ಮೂರು ವಾರ ಹೋಗಲಿಲ್ಲ. ನಾಳೆ ಹೇಳೋಣ, ಸಭೆ ಮುಗಿಯಲಿ, ಪ್ರೊಫೆಸರ್ ಊರಿಂದ ಬರಲಿ ಎಂದು ದಿನಕ್ಕೊಂದು ನೆವ ಹುಡುಕಿದೆ. ನಿಜವಾಗಿ ಹೆದರಿಕೆ ಒಂದೇ. 'ಕೈ ಬಂಗಾರ' ಅಂದ ಬಾಯಲ್ಲೇ ಇನ್ನೊಂದು ಮಾತು ಕೇಳಬೇಕಲ್ಲ ಅಂತ. ಅಂಗಡಿಯಲ್ಲಿ ಅಂಟಿಸಿದ ಆ ಫೋಟೋ ಬೇರೆ ಕಣ್ಣಿಗೆ ಕಟ್ಟುತ್ತಿತ್ತು. ಆ ಮೂರು ವಾರವೂ ಸೋಮವಾರ ನನ್ನ ಮೇಜಿನ ಮೇಲೆ ಸೇಬು ಇತ್ತು. ತಿಂದೆ. ಹೇಗೆ ಗಂಟಲಿಗಿಳಿಯಿತು ಎಂದು ಕೇಳಬೇಡಿ, ಇಳಿಯಿತು.

ಕೊನೆಗೆ ಸತ್ಯ ಹೊರಬಂದದ್ದು ನನ್ನಿಂದಲ್ಲ. ಮಾರೆಕ್ ಬಾಟಲಿಯಿಂದ ತಾನೇ ಒಂದು ಚಮಚ ತೆಗೆದು, ಬೇರೆ ಕಟ್ಟಡದಲ್ಲಿದ್ದ ಯಂತ್ರದಲ್ಲಿ ರೋಹಿತ ತೆಗೆದುಕೊಂಡು ಬಂದ. ಸಭೆಯಲ್ಲಿ ಎರಡನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಹಾಕಿದ. ಅವನದರಲ್ಲಿ ಗುಂಪು ಕಬ್ಬಿಣದ ಉಬ್ಬು ಎದ್ದು ಕಾಣುತ್ತಿತ್ತು. 'ಒಂದೇ ಬಾಟಲಿ, ಎರಡು ಗೆರೆ. ನನಗೆ ಅರ್ಥವಾಗುತ್ತಿಲ್ಲ' ಅಂದ. ಯಾರನ್ನೂ ದೂರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ಆಗ ನನ್ನ ಬಾಯಿಂದ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. 'ಅಯ್ಯೋ, ಈಗ ಹೊಳೆಯಿತು. ಯಂತ್ರಕ್ಕೆ ಹಾಕುವ ಮೊದಲು ನಾನು ಕಂದು ಕಾಳುಗಳನ್ನು ಆರಿಸಿ ತೆಗೆದಿದ್ದೆ. ನಾನು ಕೊಬ್ಬರಿ ವ್ಯಾಪಾರದವರ ಮನೆಯವಳು. ನಮ್ಮ ಕಡೆ ಕೊಳ್ಳುವವರಿಗೆ ತೋರಿಸುವಾಗ ಒಳ್ಳೆಯದನ್ನು ಮಾತ್ರ ಮೇಲಿಟ್ಟು ತೋರಿಸುತ್ತಾರೆ, ಕೆಟ್ಟದ್ದು ಕೆಳಗಿರುತ್ತದೆ. ಎಲ್ಲರೂ ಹಾಗೇ ಮಾಡುತ್ತಾರೆ. ಚಿಕ್ಕಂದಿನಿಂದ ಬಂದ ಅಭ್ಯಾಸ, ತಪ್ಪೆಂದು ಗೊತ್ತಾಗಲಿಲ್ಲ.'

ಒಂದೇ ಉಸಿರಿನಲ್ಲಿ ಎರಡು ಸುಳ್ಳು. ಹೊಳೆದದ್ದು ಈಗಲ್ಲ, ಮೂರು ವಾರದ ಹಿಂದೆ. ನಮ್ಮ ಕಡೆ ಹಾಗೆ ಮಾಡುವುದೂ ಇಲ್ಲ. ಆದರೆ ಆ ಕೋಣೆಯಲ್ಲಿ ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತು ಗೊತ್ತೇ. ಎಲ್ಲರ ಮುಖವೂ ಮೆತ್ತಗಾಯಿತು. ಪ್ರೊಫೆಸರ್ ಎವಾ ನನ್ನ ಭುಜ ಮುಟ್ಟಿ, 'ಪಾಪ, ನಿನ್ನ ತಪ್ಪಲ್ಲ. ಬೇರೆ ಬೇರೆ ನಾಡಿನಲ್ಲಿ ಬೇರೆ ಬೇರೆ ರೂಢಿ ಇರುತ್ತದೆ. ನಾನೇ ಮೊದಲು ಹೇಳಬೇಕಿತ್ತು' ಅಂದರು. ಮಾರೆಕ್‌ನ ಅಧ್ಯಾಯ ಉಳಿಯಿತು. ನಾನೂ ಉಳಿದೆ. ಮಾರೆಕ್ ಮಾತ್ರ ಎದ್ದು ಹೋಗಿ ಪರದೆ ಆರಿಸಿದ.

ಅದರ ಮುಂದಿನ ಭಾನುವಾರ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಏನೋ ತಮಾಷೆಯ ಪ್ರಸಂಗ ಹೇಳುವವಳ ಹಾಗೆ ಎಲ್ಲ ಹೇಳಿದೆ, ಮೂರು ವಾರದ ಮಾತೊಂದನ್ನು ಬಿಟ್ಟು. ಹೆಂಗೋ ಪಾರಾದೆ ದೊಡ್ಡಮ್ಮ, ನಮ್ಮೂರ ಕಡೆ ಹಂಗೇ ಅಂದ್ಬುಟ್ಟೆ ಅಂತ ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ.

'ಏನಂದೆ?' ಅಂದರು.

'ಒಳ್ಳೇದು ಮೇಲಿಟ್ಟು ತೋರಿಸ್ತಾರೆ ಅಂದೆ.'

'ಯಾವತ್ತು ನೋಡಿದ್ದೆ ಕಣೇ ನೀನು ಹಂಗ್ ಮಾಡಿದ್ನ? ನಾನು ಆರುಸ್ತಿದ್ದೆ, ದಿಟ. ಆರ್ಸಿದ್ ಕೌಟ್ನ ಏನ್ ಮಾಡ್ತಿದ್ದೆ? ಬೇರೆ ಚೀಲಕ್ಕೆ ಹಾಕಿ ಬಾಯಿಗೆ ಕೆಂಪು ದಾರ ಕಟ್ತಿರ್ಲಿಲ್ವಾ? ನಿಮ್ ದೊಡ್ಡಪ್ಪ ಆ ಚೀಲ ಮುಂದಿಟ್ಟು, ಇದು ಕೌಟು ಕಣ್ರೀ, ಗಾಣಕ್ಕೆ ಅಂತ ಅವ್ರೇ ಬಾಯ್ಬುಟ್ಟು ಹೇಳಿ ಕೊಡೋರು. ಕೆಟ್ಟಿದ್ನೂ ತೋರ್ಸೇ ಕೊಟ್ಟಿರದು ನಾವು.'

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

'ನೀನು ಆರ್ಸಿದ್ದು ತಪ್ಪಲ್ಲ ಉಮಾ. ತೆಗ್ದಿದ್ನ ಎಲ್ಲಿ ಮಡಗ್ದೆ? ಅದ್ನ ಹೇಳು ನಂಗೆ.'

'ಕಸಕ್ಕೆ ಹಾಕ್ದೆ ದೊಡ್ಡಮ್ಮ.'

'ಹೂಂ. ಕಸಕ್ಕಾಕ್ಬುಟ್ಟು ನಮ್ ಹೆಸ್ರು ಹೇಳ್ದೆ' ಅಂದರು. ಆಮೇಲೆ, 'ಬುಡು, ಒಲೆ ಮ್ಯಾಲೆ ಹಾಲೈತೆ' ಎಂದು ಫೋನ್ ಇಟ್ಟರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹಾಲು ಉಕ್ಕುವ ಹೊತ್ತು ಅದಾಗಿರಲಿಲ್ಲ, ನಮ್ಮ ಮನೆಯಲ್ಲಿ ಹಾಲು ಯಾವಾಗ ಕಾಯಿಸುತ್ತಾರೆಂದು ನನಗೆ ಗೊತ್ತಿಲ್ಲವೇ.

ಇಷ್ಟು ಕೇಳಿದ ಮೇಲೂ ನಾನು ಮಾರನೆಯ ದಿನ ಹೋಗಿ ಸರಿಮಾಡಿದೆ ಎಂದು ತಿಳಿಯಬೇಡಿ. ಮಾಡಲಿಲ್ಲ. ಆದದ್ದಾಯಿತು, ಕ್ರಾಕೋವಿನ ಎಂಟು ಜನಕ್ಕೆ ನೊಣವಿನಕೆರೆ ಎಲ್ಲಿದೆ ಎಂದೇ ಗೊತ್ತಿಲ್ಲ, ಅವರು ಏನು ತಿಳಿದುಕೊಂಡರೆ ನಮ್ಮವರಿಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರಯೋಗಾಲಯದಲ್ಲಿ ನನ್ನನ್ನು ಮೊದಲಿಗಿಂತ ಅಕ್ಕರೆಯಿಂದ ನೋಡುತ್ತಿದ್ದರು. ಹುಟ್ಟುಹಬ್ಬಕ್ಕೆ ಕೇಕು ತಂದರು. ದೂರದ ನಾಡಿನಿಂದ ಬಂದು ಕಷ್ಟಪಟ್ಟು ಸರಿದಾರಿ ಕಲಿಯುತ್ತಿರುವ ಹುಡುಗಿ ಅನ್ನುವ ಕರುಣೆ ಅದು. ನಾನು ಆ ಕರುಣೆಯಲ್ಲಿ ಬೆಚ್ಚಗೆ ಕೂತುಬಿಟ್ಟೆ.

ವಸಂತದಲ್ಲಿ, ಬೀದಿಯ ಮರಗಳೆಲ್ಲ ಚಿಗುರಿದ ಮೇಲೆ, ಒಡಿಶಾದಿಂದ ಸಸ್ಮಿತಾ ಎಂಬ ವಿದ್ಯಾರ್ಥಿನಿ ಬಂದಳು. ಮೊದಲ ಸಭೆ. ಅವಳ ಪರಿಚಯವಾದ ಮೇಲೆ ಪ್ರೊಫೆಸರ್ ಎವಾ ಬಹಳ ನಯವಾಗಿ, ಅವಳಿಗೆ ನೋವಾಗದಂತೆ ಮಾತು ಹುಡುಕಿ ಹೇಳಿದರು: 'ಸಸ್ಮಿತಾ, ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಮಾತ್ರ ತೋರಿಸುವುದು ನಿಮ್ಮ ದೇಶದಲ್ಲಿ ರೂಢಿ ಎಂದು ನನಗೆ ಗೊತ್ತು. ಉಮಾ ನಮಗೆ ತಿಳಿಸಿ ಹೇಳಿದ್ದಾಳೆ. ಇಲ್ಲಿ ಹಾಗೆ ಮಾಡುವಂತಿಲ್ಲ.'

ಆ ಹುಡುಗಿಯ ಮುಖ ಕೆಂಪಾಯಿತು. ವಿಮಾನದ ಆಯಾಸ ಇನ್ನೂ ಕಣ್ಣಲ್ಲಿತ್ತು. 'ನಮ್ಮಲ್ಲಿ ಹಾಗಿಲ್ಲ ಮೇಡಂ' ಎಂದಳು, ಕೇಳಿಸಿಯೂ ಕೇಳಿಸದ ಹಾಗೆ. ಆಮೇಲೆ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ನೀವು ಹೀಗೆ ಯಾಕೆ ಹೇಳಿದಿರಿ ಅಕ್ಕ ಎಂದು ಕೇಳುವ ನೋಟ ಅದು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಬಂದ ಮೂರನೇ ದಿನಕ್ಕೆ, ಇನ್ನೂ ಒಂದು ಕಾಳನ್ನೂ ಮುಟ್ಟದ ಆ ಹುಡುಗಿ ಕಳ್ಳಿಯಾದಳು, ನಾನು ಹೇಳಿದ ಮಾತಿನಿಂದ.

ಎದ್ದು ನಿಂತೆ. 'ನಾನು ಸುಳ್ಳು ಹೇಳಿದ್ದೆ' ಅಂದೆ. ಹೇಳಿದ್ದನ್ನು ವಿವರವಾಗಿ ಬರೆಯಲು ಈಗಲೂ ಕೈ ಬರುವುದಿಲ್ಲ, ಆದರೂ ಇಷ್ಟು: ನಮ್ಮ ಮನೆಯವರು ಆರಿಸುತ್ತಾರೆ, ಆದರೆ ಆರಿಸಿ ತೆಗೆದ ಕೆಟ್ಟದ್ದನ್ನು ಬೇರೆ ಚೀಲದಲ್ಲಿ ಹಾಕಿ, ಗುರುತು ಕಟ್ಟಿ, ಕೆಟ್ಟದ್ದೆಂದು ಹೇಳಿಯೇ ಮಾರುತ್ತಾರೆ. ಬಚ್ಚಿಟ್ಟದ್ದು ನಾನು. ನಮ್ಮೂರಲ್ಲ, ನಮ್ಮ ದೇಶವಲ್ಲ, ನಾನು ಒಬ್ಬಳೇ. ಮತ್ತೆ, ಅವತ್ತು ಮಾರೆಕ್ ಎರಡು ಗೆರೆ ತಂದಾಗ ನನಗೆ ಆಗಷ್ಟೇ ಹೊಳೆದದ್ದಲ್ಲ. ಮೂರು ವಾರದಿಂದ ಗೊತ್ತಿತ್ತು.

ಪ್ರೊಫೆಸರ್ ಎವಾ ಮುಂದಿದ್ದ ಕಾಗದಗಳನ್ನು ಪಕ್ಕಕ್ಕಿಟ್ಟರು. ನಂತರ 'ಹೇಳಿದ್ದಕ್ಕೆ ಧನ್ಯವಾದ' ಅಂದು ಸಸ್ಮಿತಾಳ ಕಡೆ ತಿರುಗಿ ಕ್ಷಮೆ ಕೇಳಿದರು. ನನ್ನ ಭುಜ ಮುಟ್ಟಲಿಲ್ಲ. ಅವತ್ತಿನಿಂದ ನಾನು ತೆಗೆದ ಪ್ರತಿ ರೋಹಿತವನ್ನೂ ಇನ್ನೊಬ್ಬರು ಮತ್ತೆ ತೆಗೆದು ನೋಡುತ್ತಾರೆ. ಸರಿಯೇ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ಮಾರೆಕ್ ಎಲ್ಲರೂ ಎದ್ದು ಹೋಗುವವರೆಗೆ ಕಾದ. 'ಮೂರು ವಾರ' ಅಂದ. ಹೌದು ಎಂದೆ.

'ಆ ಮೂರು ವಾರದಲ್ಲಿ ಒಂದು ದಿನ ಊರಿಗೆ ಹೋಗಿದ್ದೆ. ಈ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ, ಬಿಟ್ಟು ತೋಟಕ್ಕೆ ಬರುತ್ತೇನೆ ಎಂದು ನಮ್ಮಪ್ಪನಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು' ಅಂದ. ಕೊಡೆ ತೆಗೆದುಕೊಂಡು ಹೋದ. ಅದಾದ ಮೇಲೆ ನನ್ನ ಮೇಜಿನ ಮೇಲೆ ಸೇಬು ಬಂದಿಲ್ಲ. ನಮಸ್ಕಾರಕ್ಕೆ ನಮಸ್ಕಾರ ಅನ್ನುತ್ತಾನೆ, ಕೆಲಸದ ಮಾತಿಗೆ ಉತ್ತರ ಕೊಡುತ್ತಾನೆ. ಅವನ ಪ್ರಬಂಧ ಒಪ್ಪಿಗೆಯಾದ ದಿನ ಎಲ್ಲರಿಗೂ ಸಿಹಿ ಹಂಚಿದ, ನನಗೂ ಕೊಟ್ಟ, ಎಲ್ಲರಿಗೆ ಕೊಟ್ಟಷ್ಟೇ.

ದೊಡ್ಡಮ್ಮನಿಗೆ ಈ ಸಲ ಮೂರು ವಾರದ್ದನ್ನೂ ಸೇರಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

'ಅಲ್ಲಿ ಹೇಳ್ದೆ, ಒಳ್ಳೇದಾಯ್ತು. ಇಲ್ಲಿ ನಮ್ಮೋರ್ಗೆ ಯಾರು ಹೇಳ್ತಾರೆ?' ಅಂದರು.

'ಇಲ್ಲಿ ಯಾರಿಗೂ ಗೊತ್ತಿಲ್ವಲ್ಲ ದೊಡ್ಡಮ್ಮ.'

'ನಂಗೊತ್ತಲ್ಲಮ್ಮ' ಅಂದರು ದೊಡ್ಡಮ್ಮ. 'ಅಂಗಡಿಗೋದ್ರೆ ನಿನ್ ಫೋಟ ನೋಡಿ, ನಿಮ್ ಮಗಳು ನಮ್ಮೂರ್ಗೆ ಹೆಸ್ರು ತಂದ್ಲು ಕಣಮ್ಮ ಅಂತಾರೆ. ನಾನು ಏನನ್ಲಿ? ಹೂಂ ಅಂದ್ಕಂಡು ತಲೆ ತಗ್ಗಿಸ್ಕಂಡು ಬತ್ತೀನಿ.'

ಅದಕ್ಕಾಗಿಯೇ ಈ ಬರಹ. ಅಂಗಡಿಯಲ್ಲಿರುವ ಆ ಫೋಟೋ ಕಿತ್ತುಹಾಕಿಸಿಬಿಡಿ. ನನಗೆ ಇಲ್ಲಿ ಇನ್ನೂ ಎಂಟು ತಿಂಗಳ ಕೆಲಸವಿದೆ, ಮಾಡುತ್ತೇನೆ. ಬೆಳಿಗ್ಗೆ ಎದ್ದು ಕಾಪ್ಚೆ ಮೆಟ್ಟಿಕೊಂಡೇ ಕಾಫಿ ಕಾಯಿಸುತ್ತೇನೆ, ಈಗ ಮುಜುಗರವೂ ಆಗುವುದಿಲ್ಲ. ಹಾಗೆಂದು ಇದು ನನ್ನೂರಾಗಿಲ್ಲ, ನನ್ನನ್ನು ಅಕ್ಕರೆಯಿಂದ ಕರೆದವರ ಅಕ್ಕರೆಯನ್ನು ನಾನೇ ಕೆಡಿಸಿದ್ದೇನೆ. ಅಲ್ಲಿ ಅಟ್ಟದ ತುಂಬ ಕಾಯಿ ಒಣಗುತ್ತಿರುತ್ತದೆ, ಆದರೆ ಆ ರಾಶಿಯ ಮುಂದೆ ದೊಡ್ಡಮ್ಮನ ಪಕ್ಕ ಮೊದಲಿನಂತೆ ಕೂರುವ ಮುಖ ನನಗಿದೆಯೇ, ಗೊತ್ತಿಲ್ಲ. ಎರಡು ಊರಿನಲ್ಲೂ ನನಗೆ ಜಾಗವಿದೆ, ಎರಡರಲ್ಲೂ ಸ್ವಲ್ಪ ತಲೆ ತಗ್ಗಿಸಿ ನಿಲ್ಲಬೇಕಾದ ಜಾಗ. ಅದರ ಆಚೆಗೆ ಇಷ್ಟು ಮಾತ್ರ ಹೇಳಬಲ್ಲೆ: ಬರುವ ವರ್ಷ ಊರಿಗೆ ಬರುತ್ತೇನೆ. ದಾರಿಯಲ್ಲಿ, ಕಿಬ್ಬನಹಳ್ಳಿಯಲ್ಲಿ ಬಸ್ಸು ನಿಂತಾಗ ನಿಮ್ಮಲ್ಲಿ ಯಾರಾದರೂ ಗುರುತು ಹಿಡಿದು, 'ಹೊರದೇಶದೋರ ಮುಂದೆ ನಮ್ಮನ್ನ ಮೋಸಗಾರ್ರು ಅಂದೋಳು ನೀನೇ ಏನಮ್ಮ?' ಎಂದು ಕೇಳಿ. ಕಿಟಕಿಯಾಚೆ ನೋಡುವುದಿಲ್ಲ. ಹೌದು, ನಾನೇ ಅನ್ನುತ್ತೇನೆ.